ಊದಿ ಆರಿಸುತ್ತಿದ್ದ ಸಾರ್

ಹೋದ ತಿಂಗಳು ಮದ್ದೂರಿನಲ್ಲಿ ಮಂಡ್ಯದ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ, ಕರೆಂಟು ಕಂಬಕ್ಕೆ ಕಟ್ಟಿದ್ದ ಒಂದು ಫ್ಲೆಕ್ಸನ್ನು ನೀವಿಬ್ಬರೂ ಗಟ್ಟಿಯಾಗಿ ಓದಿದಿರಿ. ಬಿಳಿ ಕೋಟು ತೊಟ್ಟು, ಕೈ ಕಟ್ಟಿ ನಿಂತಿದ್ದವರ ಚಿತ್ರ. ಮೇಲೆ ಭಾವಪೂರ್ಣ ಶ್ರದ್ಧಾಂಜಲಿ ಎಂದಿತ್ತು. ಹೆಸರಿನ ಕೆಳಗೆ ಪ್ಲಾಸ್ಟಿಕ್ ತಜ್ಞರು, ಚಿಂತಕರು, ಮಾರ್ಗದರ್ಶಕರು ಎಂದಿತ್ತು. ಅದಕ್ಕೂ ಕೆಳಗೆ ಅವರದೇ ಮಾತು ಎಂದು ಒಂದು ಸಾಲು: ‘ಊದಿ ಆರಿಸಬೇಡಿ, ಉರಿಯಲು ಬಿಟ್ಟು ನೋಡಿ.’ ಸ್ಕೂಲಿನಲ್ಲಿ ದಿನಕ್ಕೊಂದು ಒಳ್ಳೆಯ ಮಾತು ಹೇಳಬೇಕಂತೆ, ದೊಡ್ಡವಳು ಅದನ್ನು ನೋಟ್‌ಬುಕ್ಕಿನ ಹಿಂದಿನ ಹಾಳೆಗೆ, ಕೆಳಗೆ ಅವರ ಹೆಸರು ಹಾಕಿ, ಬರೆದುಕೊಂಡಳು. ಚಿಕ್ಕವನು, “ಅಜ್ಜಿ, ಇವರು ನಿಂಗೆ ಗೊತ್ತಾ?” ಎಂದು ಕೇಳಿದ. “ಗೊತ್ತು” ಎಂದೆ. ಅಷ್ಟರಲ್ಲಿ ಬಸ್ಸು ಬಂತು, ನಾನು ಬಚಾವಾದೆ.

ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ, ಅದು ನಿಮಗೂ ಗೊತ್ತು. ಮನೆಗೆ ನೆಂಟರು ಬಂದರೆ ಅಡುಗೆಮನೆ ಬಾಗಿಲ ಹಿಂದೆ ನಿಲ್ಲುವವಳು ನಾನು. ಅದಕ್ಕೇ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ, ಅವರ ಮನೆಯವರು ಇದ್ದಾರೆ. ನಾವೆಲ್ಲ ಕರೆಯುತ್ತಿದ್ದಂತೆ ಸಾರ್ ಎಂದೇ ಬರೆಯುತ್ತೇನೆ. ಬಂದರು, ಹೋದರು ಎಂದು ಬರೆದಿರುವುದು ಕೈ ಅಭ್ಯಾಸ. ಅದನ್ನು ಮರ್ಯಾದೆ ಎಂದುಕೊಳ್ಳಬೇಡಿ.

ನಿಮ್ಮ ತಾತ ಹೋದ ವರ್ಷವೇ ನಾನು ಮದ್ದೂರಿನಾಚೆಯ ಆ ಪ್ಲಾಸ್ಟಿಕ್ ಫ್ಯಾಕ್ಟರಿಗೆ ಸೇರಿದೆ. ನಿಮ್ಮಮ್ಮ ಆಗ ಪಿಯುಸಿ ಓದುತ್ತಿದ್ದಳು. ನಾನು ಓದಿದ್ದು ನಮ್ಮೂರ ಸ್ಕೂಲಿನಲ್ಲಿ ಏಳನೇ ಕ್ಲಾಸಿನವರೆಗೆ. ಫ್ಯಾಕ್ಟರಿಯಲ್ಲಿ ಮಾಡುತ್ತಿದ್ದುದು ಬೂದು ಬಣ್ಣದ ಡಬ್ಬಿ. ಮೋಟರಿನ ಸ್ವಿಚ್ಚು, ಫ್ಯೂಸು ಕೂರಿಸಿ ಗೋಡೆಗೆ ಹೊಡೆಯುತ್ತಾರಲ್ಲ, ಅದು. ಸಬ್ಬಕ್ಕಿಯಂಥ ಪ್ಲಾಸ್ಟಿಕ್ ಕಾಳನ್ನು ಮೆಷಿನ್ನಿಗೆ ಸುರಿದರೆ ಕರಗಿ, ಅಚ್ಚಿಗೆ ಇಳಿದು, ಡಬ್ಬಿಯಾಗಿ ಬೀಳುತ್ತಿತ್ತು. ಅಂಚಿನಲ್ಲಿ ಉಳಿದ ಚೂರನ್ನು ಬ್ಲೇಡಿನಿಂದ ಹೆರೆಯುವುದು ನಮ್ಮ ಕೆಲಸ. ಎಂಟು ಹತ್ತು ಹೆಂಗಸರು ಇದ್ದೆವು. ಮಾಲು ಸರಿಯಿದೆಯೋ ಇಲ್ಲವೋ ನೋಡಿ ರುಜು ಹಾಕುವವರು ಸಾರ್.

ಬಿಳಿ ಕೋಟು ಒಂದು ಮೊಳೆಗೆ ನೇತುಬಿದ್ದಿರುತ್ತಿತ್ತು. ಗೇಟಿನಲ್ಲಿ ಕಾರಿನ ಸದ್ದಾದರೆ ಅದು ಅವರ ಮೈಮೇಲೆ ಬರುತ್ತಿತ್ತು, ಕಾರು ಹೋದರೆ ಮತ್ತೆ ಮೊಳೆಗೆ. ನಮ್ಮನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ನಾನು ಏಳನೇ ಕ್ಲಾಸಮ್ಮ, ನನ್ನ ಪಕ್ಕದವಳು ಹೆಬ್ಬೆಟ್ಟಮ್ಮ. ಯಾರಾದರೂ ಏನಾದರೂ ಕೇಳಿದರೆ, “ಇದು ಸೈನ್ಸು ಕಣಮ್ಮ, ನಿಮ್ಮ ಕೋಳಿಸಾರಲ್ಲ” ಎನ್ನುತ್ತಿದ್ದರು. ಟೇಬಲ್ಲಿನ ಮೇಲಿದ್ದ ಸೈನ್ಸಿನ ಪುಸ್ತಕವನ್ನು ಅವರು ತೆರೆದದ್ದು ನಾನು ನೋಡಿಲ್ಲ. ಅದರ ಮೇಲೆ ಟೀ ಲೋಟ ಇಟ್ಟಿರುತ್ತಿದ್ದರು, ರಟ್ಟಿನ ತುಂಬ ಲೋಟದ ಉಂಗುರಗಳು.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಅವರ ಅಕ್ಷರ ಚೆನ್ನಾಗಿತ್ತು. ನನ್ನ ವಿಧವಾ ವೇತನದ ಅರ್ಜಿಯನ್ನು ಅವರೇ ಬರೆದುಕೊಟ್ಟರು. ತಪ್ಪಿಲ್ಲದ, ಸಾಲು ಓರೆಯಾಗದ ಬರಹ. ಬರೆದುಕೊಟ್ಟ ಮೇಲೆ ಎರಡು ವರ್ಷ, ಕಾರಿನಲ್ಲಿ ಯಾರು ಬಂದರೂ, “ಈಯಮ್ಮಂಗೆ ಪೆನ್ಷನ್ ಮಾಡಿಸಿಕೊಟ್ಟಿದ್ದು ನಾನೇ” ಎಂದು ನನ್ನನ್ನು ಎದ್ದು ನಿಲ್ಲಿಸಿ ತೋರಿಸಿದರು. ನಾನು ಬ್ಲೇಡು ಹಿಡಿದುಕೊಂಡೇ ನಿಲ್ಲುತ್ತಿದ್ದೆ.

ನಾನು ಸೇರಿದ ಕೆಲವು ತಿಂಗಳಿಗೆ ಹಲಗೂರಿನ ಕಡೆಯ ಒಬ್ಬಳು ಹುಡುಗಿ ಕೆಲಸಕ್ಕೆ ಬಂದಳು. ಎಂಎಸ್ಸಿ ಓದಿದವಳು. ಪ್ಲಾಸ್ಟಿಕ್ ಕಾಳಿನ ಜೊತೆ ಒಂದು ಬಗೆಯ ಮಣ್ಣನ್ನು ಬೆರೆಸುವ ಕೆಲಸ ಅವಳದು. ಬಿಸಿ ತಡೆಯಲಿ, ಬೆಂಕಿ ಬಿದ್ದರೆ ಡಬ್ಬಿ ಕರಗಿ ಹರಿಯದಿರಲಿ ಎಂದು. ಆ ಮಣ್ಣು ಮುಖಕ್ಕೆ ಹಚ್ಚುವ ಪೌಡರಿನಷ್ಟು ನಯ, ದೂರದಿಂದ ಮೂಟೆಯಲ್ಲಿ ಬರುತ್ತಿತ್ತು, ದುಬಾರಿ. ಬೆರೆಸುವುದು ಮಾತ್ರ ಕಡಿಮೆ, ಒಂದು ಚೀಲ ಕಾಳಿಗೆ ಕೆಲವು ಬೊಗಸೆ ಅಷ್ಟೆ. ಸಾರ್ ಅದನ್ನು “ನಿನ್ನ ಸ್ನೋ ಪೌಡರ್” ಎಂದು ಆಡಿಕೊಳ್ಳುತ್ತಿದ್ದರು.

ಆ ಹುಡುಗಿ ನಮ್ಮ ಜೊತೆಯೇ ಕೂತು ಊಟ ಮಾಡುತ್ತಿದ್ದಳು. ಊಟವಾದ ಮೇಲೆ ನಾನು ಹೂಬತ್ತಿ ಹೊಸೆಯುತ್ತಿದ್ದೆ. ವೈದ್ಯನಾಥಪುರದ ದೇವಸ್ಥಾನಕ್ಕೆ ಸೋಮವಾರ ಸೋಮವಾರ ಕೊಡುತ್ತೇನೆಂದು ಹರಕೆ ಇತ್ತು, ಹಾಗಾಗಿ ಚೀಲದಲ್ಲಿ ಯಾವಾಗಲೂ ಹತ್ತಿ. ಒಂದು ದಿನ ಅವಳು, “ಅಕ್ಕ, ಒಂಚೂರು ಹತ್ತಿ ಕೊಡಿ, ನಿಮಗೊಂದು ತೋರಿಸ್ತೀನಿ” ಎಂದಳು.

ಐಸ್‌ಕ್ಯಾಂಡಿ ಕಡ್ಡಿಯಷ್ಟು ಉದ್ದದ ಎರಡು ಪ್ಲಾಸ್ಟಿಕ್ ಪಟ್ಟಿ ತಂದಳು. ಒಂದು ಬರೀ ಪ್ಲಾಸ್ಟಿಕ್ಕು, ಇನ್ನೊಂದು ಆ ಮಣ್ಣು ಬೆರೆತದ್ದು. ಇಕ್ಕಳದಲ್ಲಿ ಹಿಡಿದು, ಕೆಳಗೆ ತಟ್ಟೆಯಲ್ಲಿ ನನ್ನ ಹತ್ತಿ ಇಟ್ಟು, ಒಂದೊಂದಕ್ಕೇ ಲೈಟರ್ ಹಿಡಿದಳು. ಬರೀ ಪ್ಲಾಸ್ಟಿಕ್ಕು ಹತ್ತಿಕೊಳ್ಳಲು ಸ್ವಲ್ಪ ತಡ ಮಾಡಿತು. ಹತ್ತಿದ ಮೇಲೆ ಉರಿಯುವ ಹನಿಗಳಾಗಿ ತೊಟ್ಟಿಕ್ಕಿತು. ಎರಡನೇ ಹನಿಗೆ ಹತ್ತಿ ಭಗ್ಗೆಂದಿತು. ಮಣ್ಣು ಬೆರೆತ ಪಟ್ಟಿ ಬೇಗ ಹತ್ತಿಕೊಂಡಿತು. ಆದರೆ ಮೈಮೇಲೆ ಒಣಗಿದ ಗಾಯದ ಹಾಗೆ ಕರಿಯ ಹೆಕ್ಕಳೆ ಕಟ್ಟಿಕೊಂಡು, ಮಂದವಾಗಿ ಉರಿಯುತ್ತಾ ಹಾಗೇ ನಿಂತಿತು. ಒಂದು ಹನಿ ಬೀಳಲಿಲ್ಲ. ಹತ್ತಿ ಬೆಳ್ಳಗೇ ಇತ್ತು.

“ಮೊದ್ಲು ಅತ್ಕಂಡಿದ್ದು ಇದೇ ಅಲ್ವಾ?” ಎಂದೆ.

“ಹೌದಕ್ಕ. ಬೇಗ ಹತ್ತೋದು ದೊಡ್ಡ ತಪ್ಪಲ್ಲ. ಹತ್ತಿದ ಮೇಲೆ ಏನು ಮಾಡುತ್ತೆ ಅನ್ನೋದು ಮುಖ್ಯ. ಒಳಗಿರೋ ಮಣ್ಣು ಮೇಲಕ್ಕೆ ಬಂದು ಮುಚ್ಚಿಕೊಳ್ಳುತ್ತೆ, ಬೆಂಕಿ ಒಳಕ್ಕೆ ಹೋಗೋಕೆ ಬಿಡಲ್ಲ.”

“ಸೌದೆ ಒಲೆಗಿಕ್ಕೋ ಪಾತ್ರೆ ತಳುಕ್ಕೆ ಮಣ್ಣು ಮೆತ್ತಂಗೆ. ಇದು ತಂಗೆ ತಾನೇ ಮೆತ್ಕತದೆ” ಎಂದೆ.

ಅವಳು ಚಪ್ಪಾಳೆ ತಟ್ಟಿದಳು. ಆ ವಾರವೇ ಸಾರ್ ಬಿಳಿ ಕೋಟು ತೊಟ್ಟು, ಕಾರಿನಲ್ಲಿ ಬಂದವರಿಗೆ, “ನಮ್ಮ ಹಳ್ಳಿ ಹೆಂಗಸರು ಪಾತ್ರೆಗೆ ಮಣ್ಣು ಮೆತ್ತೋದನ್ನ ನೋಡಿ ನನಗೆ ಈ ಐಡಿಯಾ ಹೊಳೀತು” ಎನ್ನುತ್ತಿದ್ದರು. ಹುಡುಗಿ ನನ್ನ ಕಡೆ ನೋಡಿದಳು. ನಾನು ಡಬ್ಬಿ ಹೆರೆಯುತ್ತಿದ್ದೆ.

ಅವಳು ಹೆಚ್ಚು ದಿನ ಇರಲಿಲ್ಲ. ಬೇರೆ ಕಡೆ ಒಳ್ಳೆಯ ಕೆಲಸ ಸಿಕ್ಕಿ ಹೋದಳು. ಅವಳು ಇದ್ದಷ್ಟು ದಿನದ ಮಾಲು ಚಿನ್ನದಂಥದ್ದು. ಆ ಹೆಮ್ಮೆಗೆ ನಾನು ಕೆರಗೋಡಿನಲ್ಲಿರುವ ನನ್ನ ಅಣ್ಣನಿಗೆ, ಅಂದರೆ ನಿಮ್ಮ ದೊಡ್ಡ ತಾತನಿಗೆ, “ನಿನ್ನ ಆಲೆಮನೆಗೆ ನಮ್ಮ ಡಬ್ಬೀನೇ ಆಕ್ಸು” ಎಂದು ಹೇಳಿ ಕಳಿಸಿದ್ದೆ. ಅವನು ಹಾಕಿಸಿದ್ದು ನಿಧಾನವಾಗಿ, ಹುಡುಗಿ ಹೋದ ಮೇಲೆ.

ಹುಡುಗಿ ಹೋದ ಮೇಲೆ ಏನಾಯಿತು ಎಂದರೆ, ಸಾರ್ ದೂರದ ಮಣ್ಣಿನ ಮೂಟೆ ನಿಲ್ಲಿಸಿದರು. “ಮಣ್ಣು ಅಂದ್ರೆ ಮಣ್ಣು. ಶಿಂಷಾ ಹೊಳೆ ದಂಡೇಲಿ ಬಿದ್ದಿಲ್ವಾ?” ಎಂದು ಒಂದು ಟೆಂಪೋ ಜೇಡಿಮಣ್ಣು ತರಿಸಿದರು. ಅದನ್ನು ಒಣಗಿಸಿ, ಕುಟ್ಟಿ, ಪಂಚೆ ಬಟ್ಟೆಯಲ್ಲಿ ಜರಡಿ ಹಿಡಿದವರು ನಾವು. ಕೂದಲು, ರೆಪ್ಪೆ, ಊಟದ ಡಬ್ಬಿ ಎಲ್ಲ ಮಣ್ಣು. ಮೂಟೆಯಲ್ಲಿ ಬರುತ್ತಿದ್ದುದು ಬರೀ ಮಣ್ಣಲ್ಲ, ಎಣ್ಣೆಯ ಜಾತಿಯ ಪ್ಲಾಸ್ಟಿಕ್ಕಿನೊಳಗೆ ಬಿಡಿಬಿಡಿಯಾಗಿ ಹರಡಿಕೊಳ್ಳುವ ಹಾಗೆ ಪಳಗಿಸಿದ ಮಣ್ಣು ಎಂದು ಆ ಹುಡುಗಿ ನನಗೇ ಬಿಡಿಸಿ ಹೇಳಿದ್ದಳು. ಪಳಗಿಸದ ಮಣ್ಣು ನೀರಿಗೆ ಸೇರುತ್ತದೆ, ಪ್ಲಾಸ್ಟಿಕ್ಕಿಗೆ ಸೇರುವುದಿಲ್ಲ. ಹೊಸ ಡಬ್ಬಿ ಹೆರೆಯುವಾಗ ಬ್ಲೇಡು ಕಟಕ್ ಕಟಕ್ ಎಂದು ತಡೆಯುತ್ತಿತ್ತು. ಒಳಗೆಲ್ಲ ಗಂಟು.

ಧೈರ್ಯ ಮಾಡಿ ಒಂದು ಡಬ್ಬಿ ತೆಗೆದುಕೊಂಡು ಹೋದೆ. “ಸಾರ್, ರಾಗಿ ಇಟ್ಟು ಸರಿಯಾಗಿ ಕಲೀದೆ ಇದ್ರೆ ಗಂಟಾಯ್ತದಲ್ಲ, ಅಂಗಾಗದೆ.”

“ಮುದ್ದೆ ತಿರುವೋದಲ್ಲಮ್ಮ ಇದು, ಪಾಲಿಮರ್. ಏಳನೇ ಕ್ಲಾಸಲ್ಲಿ ಪಾಲಿಮರ್ ಹೇಳಿಕೊಟ್ಟಿದ್ರಾ?”

ಇಲ್ಲ ಎಂದು ತಲೆಯಾಡಿಸಿದೆ. ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ ಎಂದು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಈಗ ಅವರ ಪರೀಕ್ಷೆಯ ವಿಷಯ. ಮಾಲು ಕೊಳ್ಳಲು ಬಂದವರ ಮುಂದೆ ಸಾರ್ ಎರಡು ಪಟ್ಟಿ ಇಡುತ್ತಿದ್ದರು. ಹುಡುಗಿ ಮಾಡಿಟ್ಟು ಹೋದ ಪಟ್ಟಿಗೆ ಹಳೆಯದು ಎಂದು ಹೆಸರು, ಶಿಂಷಾ ಮಣ್ಣಿನ ಪಟ್ಟಿಗೆ ಹೊಸದು. ಎರಡಕ್ಕೂ ಲೈಟರ್ ಹಿಡಿಯುತ್ತಿದ್ದರು. ಹಳೆಯದು ಮೊದಲು ಹತ್ತಿಕೊಳ್ಳುತ್ತಿತ್ತು. “ನೋಡಿ, ನಮ್ಮ ಹೊಸದು ಬೆಂಕಿನೇ ಮುಟ್ಟಿಸಿಕೊಳ್ಳಲ್ಲ” ಎನ್ನುತ್ತಿದ್ದರು. ಹೊಸದರ ತುದಿಗೆ ಬೆಂಕಿ ಕಾಣಿಸಿಕೊಂಡ ಗಳಿಗೆಗೇ ಎರಡು ಪಟ್ಟಿಯನ್ನೂ ಬಾಯಿಯ ಹತ್ತಿರ ತಂದು, ಹುಟ್ಟುಹಬ್ಬದ ಮಗುವಿನ ಹಾಗೆ ಕೆನ್ನೆ ಉಬ್ಬಿಸಿ, ಉಫ್ ಎಂದು ಊದಿ ಆರಿಸುತ್ತಿದ್ದರು. ಆಮೇಲೆ ಒಂದು ನಗು. ಬಂದವರು ತಲೆದೂಗುತ್ತಿದ್ದರು. ತಟ್ಟೆಯಲ್ಲಿ ನಾನು ಇಟ್ಟಿದ್ದ ಹತ್ತಿಯನ್ನು ಅವರು ಮೊದಲ ದಿನವೇ ಎಸೆದಿದ್ದರು. “ಹತ್ತಿ ಯಾಕಮ್ಮ, ಇದೇನು ಆಸ್ಪತ್ರೆನಾ?”

ಬೆಂಕಿ ಹತ್ತಿದ ಮೇಲೆ ಏನಾಗುತ್ತದೆ ಎಂದು ನೋಡುವ ವ್ಯವಧಾನ ಅವರಿಗೆ ಯಾವತ್ತೂ ಇರಲಿಲ್ಲ. ಬೇಕೆಂದೇ ಮೋಸ ಮಾಡಿದರೋ, ತಿಳಿಯದೆ ಮಾಡಿದರೋ ಎಂದು ಬಹಳ ಸಲ ಯೋಚಿಸಿದ್ದೇನೆ. ಮೋಸಗಾರನಾಗಲು ನಿಜ ಯಾವುದೆಂದಾದರೂ ಗೊತ್ತಿರಬೇಕು. ಅಷ್ಟು ಕಷ್ಟವನ್ನೂ ಅವರು ತೆಗೆದುಕೊಂಡವರಲ್ಲ.

ಒಂದು ಮಧ್ಯಾಹ್ನ ಪರೀಕ್ಷೆ ನಡೆಯುತ್ತಿದ್ದಾಗ ಅವರಿಗೆ ಫೋನು ಬಂತು. ಉರಿಯುತ್ತಿದ್ದ ಎರಡೂ ಪಟ್ಟಿಯನ್ನು ತಟ್ಟೆಯ ಅಂಚಿಗೆ ಒರಗಿಸಿ, ಬಂದವರನ್ನೂ ಕರೆದುಕೊಂಡು ಮಾತಾಡುತ್ತಾ ಹೊರಗೆ ಹೋದರು. ನಾನು ಟೇಬಲ್ ಒರೆಸಲು ಬಂದವಳು ನೋಡುತ್ತಾ ನಿಂತೆ. ಹಳೆಯದು ಹೆಕ್ಕಳೆ ಕಟ್ಟಿ ಮಂಕಾಗಿತ್ತು. ಹೊಸದು ಜುಯ್ ಜುಯ್ ಎಂದು ತೊಟ್ಟಿಕ್ಕುತ್ತಿತ್ತು. ತಟ್ಟೆಗೆ ಬಿದ್ದ ಹನಿಗಳೂ ಒಂದೊಂದು ಸಣ್ಣ ದೀಪದ ಹಾಗೆ ಉರಿಯುತ್ತಿದ್ದವು. ನನಗೆ ಅಣ್ಣನ ಆಲೆಮನೆ ಕಣ್ಣ ಮುಂದೆ ಬಂತು. ಗಾಣದ ಮೋಟರಿಗೆ ಹಾಕಿಸಿದ ಡಬ್ಬಿಯ ಕೆಳಗೇ, ರಸ ತೆಗೆದ ಕಬ್ಬಿನ ಒಣಸಿಪ್ಪೆಯ ರಾಶಿ. ಅದರ ಪಕ್ಕದಲ್ಲಿ ನಮ್ಮತ್ತಿಗೆ ಕೂತು ಬೆಲ್ಲದ ಅಚ್ಚು ತೊಳೆಯುತ್ತಾಳೆ. ಒಂದು ತಂತಿ ಬಿಸಿಯಾಗಿ ಡಬ್ಬಿ ಹತ್ತಿದರೆ ಸಾಕು.

ಚೊಂಬಿನ ನೀರು ಸುರಿದೆ. ಸಾರ್ ಬಂದು, “ಯಾರು ನೀರು ಹಾಕಿದ್ದು? ಟೇಬಲ್ಲಿನ ಪಾಲಿಶ್ ಹೋಯ್ತು” ಎಂದರು.

ಆ ಭಾನುವಾರವೇ ಕೆರಗೋಡಿಗೆ ಹೋದೆ. ಡಬ್ಬಿ ತೆಗೆಸು ಎಂದು ಅಣ್ಣನಿಗೆ ಹೇಳಿದೆ. ಅವನು ಕೊಪ್ಪರಿಗೆಯಲ್ಲಿ ಕುದಿಯುತ್ತಿದ್ದ ಪಾಕ ಕದಡುತ್ತಿದ್ದ.

“ನೀನೇ ಆಕ್ಸು ಅಂದೆ, ಈಗ ನೀನೇ ತೆಗೆಸು ಅಂತೀಯ. ನಿಮ್ಮ ಸಾರು ಓದ್ವಾರ ಇಲ್ಗೇ ಬಂದಿದ್ರು ಕಣವ್ವ. ಬಿಸಿಬೆಲ್ಲ ತಿಂದು, ಬೆಂಕಿ ಅಚ್ಚಿ ತೋರ್ಸುದ್ರು. ನಾನೇ ಕಣ್ಣಾರೆ ನೋಡಿವ್ನಿ. ಮಳವಳ್ಳಿ ಕಡೆ ಆಲೆಮನೆಯೋರ್ಗೂ ಏಳಿವ್ನಿ. ಬುಧವಾರ ಅವ್ರು ಫ್ಯಾಕ್ಟ್ರಿಗೆ ಬತ್ತಾವ್ರೆ, ಎಲ್ಲಾರ್ಗೂ ಒಂದೇ ಸಲ ತಕ್ಕಳಕೆ.”

“ಅಣ್ಣಯ್ಯ, ಅದು ತೊಟ್ಟಿಕ್ತದೆ.”

“ಏನು ತೊಟ್ಟಿಕ್ತದೆ? ನಾನು ನೋಡ್ದಾಗ ತೊಟ್ಟಿಕ್ನಿಲ್ವಲ್ಲ.”

ವಾಪಸು ಬಸ್ಸು ಹತ್ತಿದೆ. ಎಲ್ಲಾರ್ಗೂ ಎಂದದ್ದು ಮಾತ್ರ ಕಿವಿಯಲ್ಲಿ ಉಳಿಯಿತು. ಅಷ್ಟೂ ಆಲೆಮನೆಗಳಲ್ಲಿ ಒಣಸಿಪ್ಪೆ ಇರುತ್ತದೆ, ಅಚ್ಚು ತೊಳೆಯುವ ಹೆಂಗಸರು ಇರುತ್ತಾರೆ.

ಬುಧವಾರ ಐದಾರು ಜನ ಬಂದರು. ಅಣ್ಣನೂ ಇದ್ದ. ಅವರಲ್ಲಿ ಒಬ್ಬರು ಮಳವಳ್ಳಿ ಕಡೆಯ ಹಿರಿಯರು, ಹೆಗಲ ಮೇಲೆ ಹಸಿರು ಟವೆಲು, ಹೆಚ್ಚು ಮಾತಿಲ್ಲದವರು. ಸಾರ್ ಕೋಟು ತೊಟ್ಟು ಸಿದ್ಧವಾಗಿದ್ದರು. ಎರಡು ಪಟ್ಟಿ ಹಿಡಿದರು. ಹಳೆಯದು ಹತ್ತಿತು. ಹೊಸದು ತಡೆಯಿತು, ತಡೆಯಿತು, ತುದಿಗೆ ಹತ್ತಿತು. ಅವರ ಕೆನ್ನೆ ಉಬ್ಬಿತು.

“ಸಾರ್, ಊದ್‌ಬ್ಯಾಡಿ. ಉರೀಲಿ ಬುಡಿ, ನೋಡ್ಲಿ” ಎಂದೆ.

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅಣ್ಣ, “ಸುಮ್ಕಿರವ್ವ, ದೊಡ್ಡೋರು ಮಾಡ್ತಾವ್ರೆ” ಎಂದ. ಸಾರ್ ಉಫ್ ಎಂದು ಊದಿಯೇ ಬಿಟ್ಟರು. “ನಮ್ಮ ಹೆಲ್ಪರ್ರು. ಗಂಡ ಇಲ್ಲ ಪಾಪ, ಪೆನ್ಷನ್ ನಾನೇ ಮಾಡಿಸಿಕೊಟ್ಟಿದ್ದು” ಎಂದರು.

ಮಳವಳ್ಳಿಯ ಹಿರಿಯರು ಟವೆಲು ಕೊಡವಿಕೊಂಡರು. “ಸಾಮಿ, ಆ ಹೆಣ್ಮಗಳು ಊದ್‌ಬ್ಯಾಡಿ ಅಂದ್ಲಲ್ಲ. ಇನ್ನೊಂದ್ಸಲ ಅಚ್ಚಿ. ಊದ್ದೆ ಇದ್ರೆ ಏನಾಯ್ತದೆ ನೋಡ್ಮ.”

“ಅದು ಪ್ರೊಸೀಜರ್ ಅಲ್ಲ. ಟೆಸ್ಟಿಗೆ ಅಂತ ಒಂದು ಟೈಮಿರುತ್ತೆ.”

“ನಮ್ಮ ಆಲೆಮನೇಲಿ ಬೆಂಕಿ ಬಿದ್ರೆ ಊದಕೆ ನೀವು ಬತ್ತೀರಾ?”

ಯಾರೋ ಕಿಸಕ್ಕೆಂದರು. ಸಾರ್ ಲೈಟರನ್ನು ಕೋಟಿನ ಜೇಬಿಗೆ ಹಾಕಿಕೊಂಡರು. ನಾನು ದೇವರ ಫೋಟೋ ಹತ್ತಿರ ಹೋಗಿ ಬೆಂಕಿಪೊಟ್ಟಣ ತಂದೆ. ಚೀಲದಿಂದ ಹತ್ತಿ ತೆಗೆದು ತಟ್ಟೆಗೆ ಹಾಕಿದೆ. ಮೊದಲನೆಯ ಕಡ್ಡಿ ಗೀರುವಾಗಲೇ ಮುರಿಯಿತು. ಎರಡನೆಯದನ್ನು ಅಣ್ಣ ನನ್ನ ಕೈಯಿಂದ ತೆಗೆದುಕೊಂಡು ತಾನೇ ಗೀರಿದ. ನಾನು ಇಕ್ಕಳ ಹಿಡಿದೆ.

ಹೊಸ ಪಟ್ಟಿ ಹತ್ತಿತು. ಯಾರೂ ಊದಲಿಲ್ಲ. ಮೊದಲ ಹನಿ ತಟ್ಟೆಯ ಬರಿಯ ಜಾಗಕ್ಕೆ ಬಿತ್ತು. ಎರಡನೆಯದು ಹತ್ತಿಯ ಮೇಲೆ. ದೇವರಿಗೆಂದು ತಂದ ಹತ್ತಿ ಒಂದು ಕ್ಷಣದಲ್ಲಿ ಹೋಯಿತು.

ಸಾರ್, “ಈಯಮ್ಮ ಸ್ಯಾಂಪಲ್ ಬದಲಾಯಿಸಿದ್ದಾಳೆ” ಎಂದರು. ಯಾರೂ ಅವರ ಕಡೆ ನೋಡಲಿಲ್ಲ, ಎಲ್ಲರೂ ತಟ್ಟೆ ನೋಡುತ್ತಿದ್ದರು. ಹಿರಿಯರು ಟವೆಲು ಹೆಗಲಿಗೆ ಹಾಕಿಕೊಂಡು, “ನಡೀರಪ್ಪ” ಎಂದರು. ಅಣ್ಣ ಅದೇ ದಿನ ಸಂಜೆಗೆ ಮುಂಚೆ ತನ್ನ ಡಬ್ಬಿ ಕಿತ್ತು, ತಗಡಿನದು ಹಾಕಿಸಿದ.

ಮಾರನೆಯ ದಿನ ನನಗೆ ಕೆಲಸ ಇರಲಿಲ್ಲ. ಶಿಸ್ತು ಇಲ್ಲದವಳು ಎಂದು ಕಾಗದ ಕೊಟ್ಟರು. ಮುತ್ತಿನಂಥ ಅಕ್ಷರ. ನಿಮ್ಮಮ್ಮನ ಪರೀಕ್ಷೆ ಹತ್ತಿರವಿತ್ತು, ಆ ಕೆಲವು ತಿಂಗಳು ಅಣ್ಣನ ಆಲೆಮನೆಯಲ್ಲಿ ನಾನೂ ಅಚ್ಚು ತೊಳೆದೆ. ತಲೆಯೆತ್ತಿದರೆ ತಗಡಿನ ಡಬ್ಬಿ ಕಾಣುತ್ತಿತ್ತು.

ಸಾರ್‌ಗೆ ಏನಾಯಿತು ಎಂದರೆ, ಏನೂ ಆಗಲಿಲ್ಲ. ಆ ಫ್ಯಾಕ್ಟರಿ ಬಿಟ್ಟು ಇನ್ನೊಂದಕ್ಕೆ ದೊಡ್ಡ ಹುದ್ದೆಗೆ ಹೋದರು. ಕಾಲೇಜುಗಳಲ್ಲಿ ಭಾಷಣ ಮಾಡತೊಡಗಿದರು. ಒಂದು ಸಲ ಮಂಡ್ಯದಲ್ಲಿ ನಿಮ್ಮಮ್ಮನ ಕಾಲೇಜಿಗೇ ಬಂದರಂತೆ. ಅವಳು ಮನೆಗೆ ಬಂದು ಹೇಳಿದಳು: “ಅವ್ವ, ಅವರು ಏನಂದ್ರು ಗೊತ್ತಾ? ‘ನಾನು ನನ್ನ ಕೆಲಸಗಾರರಿಗೆ ಯಾವಾಗಲೂ ಒಂದು ಮಾತು ಹೇಳ್ತಿದ್ದೆ, ಊದಿ ಆರಿಸಬೇಡಿ, ಉರಿಯಲು ಬಿಟ್ಟು ನೋಡಿ’ ಅಂದ್ರು. ಎಲ್ಲಾ ಚಪ್ಪಾಳೆ ಹೊಡೆದ್ರು.” ನೀನೂ ಹೊಡೆದೆಯಾ ಎಂದು ಕೇಳಿದೆ. “ಹೂಂ” ಎಂದಳು. ಅವಳಿಗೂ ಇದನ್ನು ಓದಲು ಕೊಡಿ.

ಆ ಮಾತನ್ನು ನಾನು ಹೇಳಿದ್ದು ಒಂದೇ ಸಲ. ಅವರು ಇಪ್ಪತ್ತು ವರ್ಷ ಹೇಳಿಕೊಂಡು ತಿರುಗಿದರು. ಹಾಗೆ ನೋಡಿದರೆ ಅದು ಅವರದೇ ಆಯಿತು. ಆದರೆ ಹೇಳಿಕೊಂಡು ತಿರುಗಿದ ಅಷ್ಟೂ ವರ್ಷ ಒಂದು ಪಟ್ಟಿಯನ್ನಾದರೂ ಕೊನೆಯ ತನಕ ಉರಿಯಲು ಬಿಟ್ಟರೆಂದು ನನಗೆ ನಂಬಿಕೆಯಿಲ್ಲ. ದೊಡ್ಡವಳೇ, ನಿನ್ನ ನೋಟ್‌ಬುಕ್ಕಿನಲ್ಲಿ ಆ ಸಾಲು ಇರಲಿ. ಕೆಳಗೆ ಬರೆದ ಹೆಸರನ್ನು ಹೊಡೆದುಹಾಕು. ನನ್ನ ಹೆಸರು ಬರೆಯುವುದು ಬೇಡ. ಹಲಗೂರಿನ ಕಡೆಯ ಒಬ್ಬಳು ಹುಡುಗಿ ತೋರಿಸಿಕೊಟ್ಟದ್ದು ಎಂದು ಬರೆ.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ. ಹೋದ ವಾರ ಆಲೆಮನೆಗೆ ಹೋಗಿದ್ದೆ. ಮಳೆ ಬರುವ ಹಾಗಿತ್ತು. ಒಣಸಿಪ್ಪೆಯ ರಾಶಿಯ ಮೇಲೆ ಸಾರ್ ಅಂಗಾತ ಮಲಗಿದ್ದರು, ಬಿಳಿ ಕೋಟು, ಕಟ್ಟಿದ ಕೈ, ನಾಲ್ಕು ಮೂಲೆಗೆ ನಾಲ್ಕು ಕಲ್ಲು. ಕೆರಗೋಡಿನಲ್ಲೂ ಒಂದು ಫ್ಲೆಕ್ಸ್ ಕಟ್ಟಿದ್ದರಂತೆ. ತಿಥಿ ಮುಗಿದ ಮೇಲೆ ಸುಮ್ಮನೆ ಬಿದ್ದಿದ್ದ ಅದನ್ನು, ಸಿಪ್ಪೆ ನೆನೆಯದಿರಲಿ ಎಂದು ಅಣ್ಣ ತಂದು ಹೊದಿಸಿದ್ದ. ಒಲೆ ಅಲ್ಲಿಂದ ಹತ್ತು ಹೆಜ್ಜೆ. ಒಲೆಯಿಂದ ಕಿಡಿ ಹಾರುತ್ತಿತ್ತು.

“ಅಣ್ಣಯ್ಯ, ಅದ ತೆಗಿ. ಅತ್ಕಂಡ್ರೆ ತೊಟ್ಟಿಕ್ತದೆ” ಎಂದೆ.

ಅಣ್ಣನಿಗೆ ಈಗ ವಯಸ್ಸಾಗಿದೆ, ಕಿವಿ ಮಂದ. ಆದರೂ ಆ ಮಾತು ಒಂದೇ ಸಲಕ್ಕೆ ಕೇಳಿಸಿತು. ಪಾಕ ಕದಡುವುದನ್ನು ಬಿಟ್ಟು ಬಂದು, ಕಲ್ಲು ತೆಗೆದು, ಎಳೆದು ಮಡಚಿದ. ತಿಪ್ಪೆಯ ಹತ್ತಿರ ಎಸೆದು ಬಂದು ಕೈ ಕೊಡವಿಕೊಂಡ.